ತಾಮ್ರದ ಪದರಗಳಿಗೆ ಹೆಸರಿಡುವ ಕೆಲಸ

ಇಂಡಿ ತಾಲೂಕಿನ ಲಿಂಬೆ ತೋಟದಲ್ಲಿ ಬೋರಿನ ಪಕ್ಕ ನಿಂತ ಸ್ಟಾರ್ಟರ್ ಡಬ್ಬಿಯನ್ನು, ಮೇನ್ ಇಳಿಸಿ, ತೆರೆದು ನೋಡಿ. ಒಳಗೆ ಕಾಂಟ್ಯಾಕ್ಟರ್, ರಿಲೇ, ಅವುಗಳ ಮೇಲೆ ಅಂಗೈಯಗಲದ ಹಸಿರು ಬೋರ್ಡು. ಮೂರು ಫೇಸಿನಲ್ಲಿ ಒಂದು ಹೋದರೆ ಮೋಟರ್ ಸುಡದಂತೆ ಕಾಯುವುದು, ಬೋರಿನ ನೀರು ತೀರಿದರೆ ನಿಲ್ಲಿಸುವುದು, ಅಪರಾತ್ರಿ ಕರೆಂಟ್ ಬಂದರೆ ರೈತನ ಮೊಬೈಲಿಗೆ ತಿಳಿಸುವುದು ಅದರ ಕೆಲಸ. ಇಂಥವನ್ನು ದುರಸ್ತಿ ಮಾಡುತ್ತ ಮಾಡುತ್ತಲೇ ನಾನು ವಿನ್ಯಾಸಕ್ಕೆ ಇಳಿದವನು. ಈಗ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಡಿಪ್ಲೊಮಾ ಹುಡುಗ ಹುಡುಗಿಯರು ಕಲಿಯಲು ಬರುತ್ತಾರೆ. ಸರ್ಕ್ಯೂಟು ಅವರಿಗೆ ಬೇಗ ತಿಳಿಯುತ್ತದೆ. ಗೊಂದಲವಾಗುವುದು ಲೇಯರುಗಳಲ್ಲಿ.

ಬೋರ್ಡಿನ ವಿನ್ಯಾಸಕ್ಕೆ ನಾವು ಬಳಸುವುದು ಕಿಕ್ಯಾಡ್. 1992ರಲ್ಲಿ ಫ್ರಾನ್ಸಿನ ಝಾನ್ ಪಿಯೇರ್ ಶಾರಾ ಬರೆಯಲು ಶುರುಮಾಡಿದ ಉಚಿತ ತಂತ್ರಾಂಶ, ಮುಂದೆ ಜಿನೀವಾದ ಸರ್ನ್ ಪ್ರಯೋಗಾಲಯವೂ ಕೈಜೋಡಿಸಿ ಬೆಳೆಸಿತು. ದುಡ್ಡಿಲ್ಲದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉಪಕಾರ ನನಗೆ ಗೊತ್ತಿಲ್ಲ. ಅದನ್ನು ತೆರೆದರೆ ಬಲಗಡೆ ಬಣ್ಣದ ಚೌಕಗಳ ಉದ್ದ ಪಟ್ಟಿ: ಎಫ್.ಸಿಯು, ಬಿ.ಸಿಯು, ಮಾಸ್ಕ್, ಪೇಸ್ಟ್, ಸಿಲ್ಕ್‌ಸ್ಕ್ರೀನ್, ಎಡ್ಜ್.ಕಟ್ಸ್. ಹೊಸಬರು ಇವನ್ನು ಬಣ್ಣ ಎಂದುಕೊಳ್ಳುತ್ತಾರೆ. ಅದಕ್ಕೇ ಮೊದಲ ದಿನ ಹೇಳುತ್ತೇನೆ: ಒಂದೊಂದು ಲೇಯರೂ ಕಾರ್ಖಾನೆಯ ಒಂದೊಂದು ಯಂತ್ರಕ್ಕೆ ಕೊಡುವ ಆಜ್ಞೆ. ಗೆರೆ ಎಳೆಯುವ ಮೊದಲು ಅದನ್ನು ಓದುವವರು ಯಾರು ಎಂದು ಕೇಳಿಕೊಳ್ಳಿ.

ಎಫ್.ಸಿಯು ಎಂದರೆ ಮೇಲಿನ ತಾಮ್ರ, ಬಿ.ಸಿಯು ಕೆಳಗಿನದು. ಅಲ್ಲಿ ಎಳೆದ ಗೆರೆ ಉಳಿಯುತ್ತದೆ, ಉಳಿದ ತಾಮ್ರ ರಾಸಾಯನಿಕದಲ್ಲಿ ಕರಗಿ ಹೋಗುತ್ತದೆ. ಮಾಸ್ಕ್ ಲೇಯರ್ ಇದಕ್ಕೆ ಉಲ್ಟಾ. ಅಲ್ಲಿ ಚೌಕ ಬರೆದರೆ ಆ ಜಾಗದಲ್ಲಿ ಹಸಿರು ಲೇಪ ಇರುವುದಿಲ್ಲ, ತಾಮ್ರ ಬರಿಮೈಯಾಗಿ ಬೆಸುಗೆಗೆ ಕಾಯುತ್ತದೆ. ಒಂದು ಕಡೆ ಬರೆದದ್ದು ಉಳಿಯುತ್ತದೆ, ಇನ್ನೊಂದು ಕಡೆ ಬರೆದದ್ದು ಮಾಯವಾಗುತ್ತದೆ. ಪೇಸ್ಟ್ ಲೇಯರಿನಿಂದ ತೆಳು ಉಕ್ಕಿನ ಹಾಳೆಯಲ್ಲಿ ರಂಧ್ರ ಕೊರೆಯುತ್ತಾರೆ. ನಮ್ಮ ಮನೆಯಂಗಳದ ರಂಗೋಲಿ ಅಚ್ಚಿನ ಹಾಗೆ, ಅದರ ಮೇಲೆ ಬೆಸುಗೆಯ ಲೇಹ್ಯ ಎಳೆದರೆ ಬೇಕಾದಲ್ಲಿ ಮಾತ್ರ ಇಳಿಯುತ್ತದೆ. ಸಿಲ್ಕ್‌ಸ್ಕ್ರೀನ್ ಬಿಳಿ ಅಕ್ಷರಗಳದು. ಎಡ್ಜ್.ಕಟ್ಸ್ ಬೋರ್ಡಿನ ಅಂಚು, ಅಲ್ಲಿ ಗೆರೆ ಎಲ್ಲೂ ತುಂಡಾಗದೆ ಪೂರ್ತಿ ಸುತ್ತು ಬರಲೇಬೇಕು.

ಲೇಯರ್ ಎಂಬುದು ಕಂಪ್ಯೂಟರಿನ ಕಲ್ಪನೆಯೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ವಿಸ್ ನೆರವಿನಿಂದ ಸಿಇಡಿಟಿ ಎಂಬ ವಿನ್ಯಾಸ ಕೇಂದ್ರ ಶುರುವಾಯಿತು. ಅಲ್ಲಿದ್ದ ವಾಲ್ಟರ್ ಬೊಸ್ಹಾರ್ಟ್ ಇಂಥ ಬೋರ್ಡುಗಳ, ಅಂದರೆ ಪಿಸಿಬಿಗಳ ಬಗ್ಗೆ ಬರೆದ ಪುಸ್ತಕ 1980ರ ದಶಕದಿಂದ ನಮ್ಮ ಎಂಜಿನಿಯರಿಂಗ್ ಓದಿನ ಆಧಾರ. ಆ ಕಾಲದಲ್ಲಿ ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ ಟ್ರ್ಯಾಕ್ ಮಾಡುತ್ತಿದ್ದರು, ನಿಜ ಅಳತೆಯ ಎರಡು ಅಥವಾ ನಾಲ್ಕು ಪಟ್ಟು ದೊಡ್ಡದಾಗಿ. ಎರಡೂ ಬದಿ ಒಂದೇ ಹಾಳೆಯಲ್ಲಿ ಬೇಕೆಂದರೆ ಒಂದು ಬದಿಗೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ. ಕ್ಯಾಮೆರಾಕ್ಕೆ ಬಣ್ಣದ ಫಿಲ್ಟರ್ ಹಾಕಿ ಬೇರ್ಪಡಿಸುತ್ತಿದ್ದರು. ಇಂದಿಗೂ ತೆರೆಯ ಮೇಲೆ ಮೇಲಿನ ತಾಮ್ರ ಕೆಂಪು, ಕೆಳಗಿನದು ನೀಲಿ.

ಹೆಸರಿಡುವ ಕೆಲಸ ನಿಜವಾಗಿ ಶುರುವಾಗುವುದು ಬೋರ್ಡಿಗೆ ನಾಲ್ಕು ತಾಮ್ರದ ಪದರ ಬೇಕಾದಾಗ. ಪಂಪಿನ ಬೋರ್ಡಿನಲ್ಲಿ ಜಿಎಸ್‌ಎಂ ಮಾಡ್ಯೂಲ್ ಇರುತ್ತದೆ. ಅದು ಮಾತಾಡುವ ಗಳಿಗೆಯಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ, ಗ್ರೌಂಡ್ ಸರಿಯಿಲ್ಲದಿದ್ದರೆ ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತದೆ. ಹಾಗಾಗಿ ಎರಡನೇ ಲೇಯರನ್ನು ಪೂರ್ತಿ ಗ್ರೌಂಡಿಗೇ ಬಿಡುತ್ತೇನೆ. ಬೋರ್ಡ್ ಸೆಟಪ್ಪಿನಲ್ಲಿ ಪ್ರತಿ ತಾಮ್ರಕ್ಕೂ ಸಿಗ್ನಲ್, ಪವರ್ ಪ್ಲೇನ್, ಮಿಶ್ರ ಎಂದು ಜಾತಿ ಹೇಳಬಹುದು, ಹೆಸರನ್ನೂ ಬದಲಿಸಬಹುದು. ತಂತ್ರಾಂಶ ಕೊಟ್ಟ ‘ಇನ್1’ ಎಂಬ ಹೆಸರನ್ನು ಅಳಿಸಿ ‘ಗ್ರೌಂಡ್’ ಎಂದು ಬರೆಸುತ್ತೇನೆ. ಆರು ತಿಂಗಳ ಮೇಲೆ ಇನ್ನೊಬ್ಬರು ತೆರೆದರೂ ಅಲ್ಲಿ ಟ್ರ್ಯಾಕ್ ಎಳೆಯಲು ಕೈ ಹಿಂಜರಿಯಬೇಕು.

ಪಕ್ಕದ ಸ್ಟ್ಯಾಕಪ್ ಪುಟದಲ್ಲಿ ದಪ್ಪಗಳಿವೆ, ಅದನ್ನು ಬಿಟ್ಟು ಮುಂದೆ ಹೋಗಬಾರದು. ಒಟ್ಟು 1.6 ಮಿ.ಮೀ. ದಪ್ಪದ ಸಾಮಾನ್ಯ ನಾಲ್ಕು ಪದರದ ಬೋರ್ಡಿನಲ್ಲಿ ಮೇಲಿನ ತಾಮ್ರಕ್ಕೂ ಅದರ ಕೆಳಗಿನ ಗ್ರೌಂಡಿಗೂ ನಡುವೆ ಇರುವುದು ಸುಮಾರು 0.2 ಮಿ.ಮೀ. ಗಾಜಿನ ಎಳೆ ಮತ್ತು ರಾಳ. ವೇಗದ ಸಿಗ್ನಲ್ ಮರಳುವ ದಾರಿ ನೇರ ಅದರ ಅಡಿಯಲ್ಲೇ ಸಿಗುತ್ತದೆ, ಅದೇ ನಾಲ್ಕು ಪದರದ ಲಾಭ. ಆದರೆ ಒಳಗಿನ ತಾಮ್ರಕ್ಕೆ ಗಾಳಿ ಇಲ್ಲ. ಐಪಿಸಿ-2221 ಮಾನಕದ ಲೆಕ್ಕದಂತೆ ಅಷ್ಟೇ ದಪ್ಪದ ತಾಮ್ರದಲ್ಲಿ ಅಷ್ಟೇ ಕರೆಂಟಿಗೆ ಒಳಗಿನ ಟ್ರ್ಯಾಕ್ ಹೊರಗಿನದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು ಅಗಲ ಇರಬೇಕು. ಹೊರಗೆ 35 ಮೈಕ್ರಾನ್ ತಾಮ್ರವಿದ್ದರೆ ಒಳಗೆ ಎಷ್ಟೋ ಸಲ ಅದರ ಅರ್ಧ, ಆಗ ಇನ್ನೂ ಅಗಲ ಬೇಕು.

ನನಗೆ ನಿಜವಾಗಿ ಭಯವಿರುವುದು 415 ವೋಲ್ಟಿನ ಕಡೆ. ಒಂದೇ ಬೋರ್ಡಿನ ಒಂದು ತುದಿಗೆ ಮೂರು ಫೇಸ್, ಇನ್ನೊಂದು ತುದಿಗೆ ರೈತ ಬೆರಳಿಡುವ ಗುಂಡಿ. ನಡುವೆ ನಾನು 8 ಮಿ.ಮೀ. ಖಾಲಿ ಬಿಡಿಸುತ್ತೇನೆ. ಹುಡುಗರು ಮೇಲಿನ ತಾಮ್ರದಲ್ಲಿ ಆ ಜಾಗವನ್ನು ಅಚ್ಚುಕಟ್ಟಾಗಿ ಬಿಡುತ್ತಾರೆ. ಒಳಗಿನ ಲೇಯರ್ ಕಣ್ಣಿಗೆ ಮರೆಯಾಗಿರುತ್ತದೆ, ಗ್ರೌಂಡ್ ತಾಮ್ರ ಸದ್ದಿಲ್ಲದೆ ಆ ಖಾಲಿಯ ಅಡಿಗೆ ಹರಡಿರುತ್ತದೆ. ಮನುಷ್ಯನ ಜೀವ ನಿಂತಿರುವುದು ಆ ಜಾಗದ ಮೇಲೆ. ತಾಮ್ರ ಬರಬಾರದೆಂಬ ನಿಷೇಧದ ವಲಯ ಬರೆಯುವಾಗ ಅದು ನಾಲ್ಕೂ ತಾಮ್ರಕ್ಕೆ ಅನ್ವಯ ಎಂದು ಗುರುತು ಹಾಕಬೇಕು. ಆಮೇಲೆ ಒಂದೊಂದೇ ಲೇಯರ್ ಮಾತ್ರ ಕಾಣುವಂತೆ ಮಾಡಿ ನೋಡಬೇಕು. ಇದನ್ನು ನೋಡದೆ ನಾನು ಯಾರ ಫೈಲನ್ನೂ ಹೊರಗೆ ಕಳಿಸಲು ಬಿಡುವುದಿಲ್ಲ.

ನಮ್ಮ ಸೀಮೆಗೆಂದೇ ಒಂದು ಲೇಯರ್ ಬೇಕು. ಎರೆಮಣ್ಣಿನ ದೂಳು ಸ್ಟಾರ್ಟರ್ ಡಬ್ಬಿಯೊಳಗೆ ಕೂತು, ಮಳೆಗಾಲದಲ್ಲಿ ತೇವ ಹಿಡಿದು ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಇರುವೆ, ಹಲ್ಲಿಯ ಕಾಟ ಬೇರೆ. ಹಾಗಾಗಿ ಬೋರ್ಡಿಗೆ ವಾರ್ನಿಷ್ ಲೇಪ ಕೊಡುತ್ತೇವೆ. ಎಲ್ಲಿ ಬಳಿಯಬೇಕು, ಯಾವ ಕನೆಕ್ಟರಿಗೆ ತಾಗಬಾರದು ಎಂಬುದಕ್ಕೆ ಕಿಕ್ಯಾಡಿನ ಯೂಸರ್ ಲೇಯರುಗಳಲ್ಲಿ ಒಂದನ್ನು ತೆಗೆದುಕೊಂಡು ‘ಲೇಪ’ ಎಂದು ಹೆಸರಿಟ್ಟಿದ್ದೇವೆ. ಕಾರ್ಖಾನೆಗೆ ಅದು ಹೋಗುವುದಿಲ್ಲ. ಅಳತೆಗೆ ಸರಿಯಾಗಿ ಮುದ್ರಿಸಿ ಬ್ರಷ್ ಹಿಡಿದ ಹುಡುಗಿಯ ಮೇಜಿನ ಮೇಲಿಡುತ್ತೇವೆ.

ಕೊನೆಗೆ ಲೇಯರಿಗೊಂದರಂತೆ ಗರ್ಬರ್ ಫೈಲುಗಳು ಹೊರಬರುತ್ತವೆ. ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಅಮೆರಿಕಕ್ಕೆ ಹೋದ ಜೋಸೆಫ್ ಗರ್ಬರ್ ಕಟ್ಟಿದ ಕಂಪನಿಯಿಂದ ಬಂದ ಹೆಸರದು. ನಂಜನಗೂಡಿನ ಎಟಿ ಅಂಡ್ ಎಸ್‌ನಂಥ ದೊಡ್ಡ ಕಾರ್ಖಾನೆಯಿರಲಿ, ಪೀಣ್ಯದ ಸಣ್ಣ ಶೆಡ್ಡಿರಲಿ, ಗರ್ಬರ್ ಭಾಷೆ ಎಲ್ಲರಿಗೂ ಗೊತ್ತು. ರಂಧ್ರಗಳಿಗೆ ಬೇರೆ ಫೈಲು. ಒಳಗಿನ ಎರಡು ತಾಮ್ರದ ಕ್ರಮ ಅದಲುಬದಲಾದರೆ ಕನೆಕ್ಷನ್ ಪರೀಕ್ಷೆಯಲ್ಲಿ ಅದು ಗೊತ್ತೇ ಆಗುವುದಿಲ್ಲ, ತಂತಿಯ ಲೆಕ್ಕ ಸರಿಯಾಗಿಯೇ ಇರುತ್ತದೆ. ಅದಕ್ಕೆ ಬೋರ್ಡಿನ ಒಂದು ಮೂಲೆಯಲ್ಲಿ ಪ್ರತಿ ಲೇಯರಿನ ತಾಮ್ರದಲ್ಲೇ ಅದರ ಅಂಕಿ ಬರೆಸುತ್ತೇನೆ, 1, 2, 3, 4 ಎಂದು ಅಕ್ಕಪಕ್ಕ. ಅಷ್ಟಗಲ ಉಳಿದ ತಾಮ್ರವನ್ನೂ ಮಾಸ್ಕನ್ನೂ ತೆಗೆಸಿರುತ್ತೇನೆ. ಮೇಲಿನಿಂದ ನೋಡಿದರೆ 1 ಹೊಳೆಯಬೇಕು, 2 ಅದಕ್ಕಿಂತ ಮಸುಕು, 3 ಇನ್ನೂ ಮಸುಕು. ಆ ಕ್ರಮ ತಪ್ಪಿದ ಬೋರ್ಡು ವಾಪಸ್ ಹೋಗುತ್ತದೆ.