ಮಣಿಕಟ್ಟಿನ ಭಾರ

ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸಿನಲ್ಲಿ ಸಂಜೆಯ ವಾಹನಸಂದಣಿಯನ್ನು ನೋಡಿರಿ. ಸ್ಪೋರ್ಟ್ಸ್ ಮೋಟಾರ್‌ಸೈಕಲಿನ ಮೇಲೆ ಮುಂದಕ್ಕೆ ಬಾಗಿ ಕುಳಿತ ತರುಣನು, ವಾಹನ ನಿಂತೊಡನೆ ಹ್ಯಾಂಡಲ್ ಬಿಟ್ಟು ಮಣಿಕಟ್ಟನ್ನು ಕೊಡಹುತ್ತಾನೆ. ದೇವನಹಳ್ಳಿಯ ಕಡೆಗೆ ವೇಗವಾಗಿ ಸಾಗುವಾಗ ಅಷ್ಟಾಗಿ ಕಾಡದ ನೋವು ಇಲ್ಲಿ ಕಾಡುವುದೇಕೆ?

ಸೊಂಟದಿಂದ ಮೇಲಿನ ಶರೀರವು ಒಟ್ಟು ತೂಕದ ಸುಮಾರು ಮೂರರಲ್ಲಿ ಎರಡು ಪಾಲು. 60 ಕಿಲೋಗ್ರಾಂ ತೂಕದವನಲ್ಲಿ ಅದು 40 ಕಿಲೋಗ್ರಾಂ. ವೇಗದಲ್ಲಿ ಎದುರುಗಾಳಿಯು ಎದೆಯನ್ನು ಒತ್ತಿ ಈ ಭಾರದಲ್ಲಿ ಸ್ವಲ್ಪವನ್ನು ತಾನೇ ಹೊರುತ್ತದೆ. ಸಂದಣಿಯಲ್ಲಿ ಆ ಆಸರೆಯಿಲ್ಲ. ಭಾರವೆಲ್ಲ ಬೆನ್ನಿನ ಸ್ನಾಯುಗಳಿಗೂ ಅಂಗೈಗಳಿಗೂ ಬೀಳುತ್ತದೆ.

ರೈಸರ್ ಎಂಬುದು ಹ್ಯಾಂಡಲಿನ ಅಡಿಯಲ್ಲಿ ಕೂರಿಸುವ ಲೋಹದ ತುಂಡು. ಅದು ಹಿಡಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸುತ್ತದೆ. ಇಷ್ಟರಿಂದ ಏನಾದೀತು? ಮುಂಡವನ್ನು ಮುಂದಕ್ಕೆ ಬೀಳಿಸಲೆಳಸುವ ಭ್ರಾಮಕವು, ಲಂಬದಿಂದ ಅದು ಬಾಗಿದ ಕೋನದ ಸೈನ್ ಬೆಲೆಯನ್ನು ಅನುಸರಿಸುತ್ತದೆ. 45 ಡಿಗ್ರಿಗೆ ಆ ಬೆಲೆ 0.707, 40 ಡಿಗ್ರಿಗೆ 0.643. ಸವಾರನು ಐದೇ ಡಿಗ್ರಿ ನೆಟ್ಟಗಾದರೂ ಹೊರೆಯಲ್ಲಿ ಶೇಕಡಾ 9ರಷ್ಟು ಇಳಿಯಿತು.

ಆದರೆ ಈ ಸುಖಕ್ಕೆ ಬೆಲೆಯುಂಟು. ಹ್ಯಾಂಡಲ್ ಮೇಲೇರಿದಾಗ ಆಕ್ಸಿಲರೇಟರ್ ಮತ್ತು ಕ್ಲಚ್ ಕೇಬಲ್‌ಗಳೂ ಬ್ರೇಕ್ ದ್ರವದ ಕೊಳವೆಯೂ ಬಿಗಿದುಕೊಳ್ಳಬಹುದು. ಜೋಡಣೆಯ ಬಳಿಕ ಗೇರು ಹಾಕದೆ ಎಂಜಿನನ್ನು ಚಾಲೂ ಮಾಡಿ, ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಬೇಕು. ಎಂಜಿನಿನ ವೇಗ ತಾನಾಗಿ ಏರಿದರೆ ಕೇಬಲನ್ನು ಹ್ಯಾಂಡಲ್ ಸೆಳೆಯುತ್ತಿದೆಯೆಂದೇ ತಿಳಿಯಿರಿ. ತಿರುವಿನಲ್ಲಿ ವಾಹನವು ಸವಾರನ ಇಚ್ಛೆಯಿಲ್ಲದೆ ಮುನ್ನುಗ್ಗೀತು. ಬ್ರೇಕ್ ಕೊಳವೆ ಬಿಗಿದರಂತೂ ಅಪಾಯ ಇನ್ನೂ ದೊಡ್ಡದು. ಸಾಕಷ್ಟು ಉದ್ದದ ಕೇಬಲ್ ಮತ್ತು ಕೊಳವೆಗಳನ್ನು ಹಾಕಿಸಿದ ಹೊರತು ಅಂತಹ ವಾಹನವನ್ನು ರಸ್ತೆಗಿಳಿಸಬಾರದು.