ಉಡಿ ಬರಿದಾದಾಗ: ಹುಟ್ಟುವ ಮುನ್ನವೇ ಅಗಲಿದ ಕೂಸಿಗೆ ವಿದಾಯ

ಕುಬಸ ಮುಗಿದಿರುತ್ತದೆ. ಉಡಿ ತುಂಬಿಸಿಕೊಂಡ ಮಗಳು ಹೆರಿಗೆಗೆಂದು ತವರಿಗೆ ಬಂದಿರುತ್ತಾಳೆ. ಒಂದು ದಿನ ಹೊಟ್ಟೆಯೊಳಗಿನ ಮಿಸುಕಾಟ ನಿಂತಂತೆ ಭಾಸವಾಗುತ್ತದೆ. ಆಸ್ಪತ್ರೆಗೆ ಹೋದರೆ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯ ಬಡಿತ ಕಾಣುವುದಿಲ್ಲ. ಮುಂದಿನದೆಲ್ಲ ಅವಸರದಲ್ಲಿ ನಡೆದುಹೋಗುತ್ತದೆ. ಹೆರಿಗೆಯಾದ ಕೂಡಲೇ ಗಂಡಸರು ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಒಯ್ದು ಮಣ್ಣು ಮಾಡಿ ಬರುತ್ತಾರೆ. ಎಷ್ಟೋ ಮನೆಗಳಲ್ಲಿ ತಾಯಿಗೆ ಅದರ ಮುಖವನ್ನೂ ತೋರಿಸುವುದಿಲ್ಲ. 'ಮತ್ತೊಂದಾಗುತ್ತದೆ, ಅಳಬೇಡ' ಎಂಬ ಸಮಾಧಾನದೊಂದಿಗೆ ವಿಷಯ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ತಾಯಿಗೆ ಅದು ಮುಗಿದಿರುವುದಿಲ್ಲ.

ಗರ್ಭ ಧರಿಸಿ 28 ವಾರ ತುಂಬಿದ ಮೇಲೆ ಜೀವವಿಲ್ಲದೆ ಹುಟ್ಟುವುದನ್ನು ನಿರ್ಜೀವ ಜನನವೆಂದು ಕರೆಯಲಾಗುತ್ತದೆ. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಾದ್ಯಂತ ಇಂತಹ ಸುಮಾರು 19 ಲಕ್ಷ ಜನನಗಳಾದವು. ಇವುಗಳಲ್ಲಿ ಶೇ 40ಕ್ಕೂ ಹೆಚ್ಚು ಸಾವುಗಳು ಹೆರಿಗೆ ನೋವು ಆರಂಭವಾದ ನಂತರ ಸಂಭವಿಸಿದವು. ಸಕಾಲಿಕ ಚಿಕಿತ್ಸೆ ದೊರೆತಿದ್ದರೆ ಇವುಗಳಲ್ಲಿ ಬಹುಪಾಲನ್ನು ತಪ್ಪಿಸಬಹುದಿತ್ತು. ಈ ಪ್ರಮಾಣವನ್ನು 2030ರೊಳಗೆ ಸಾವಿರ ಜನನಗಳಿಗೆ ಹತ್ತಕ್ಕಿಂತ ಕೆಳಗೆ ಇಳಿಸುವ ಗುರಿಯನ್ನು ಕೇಂದ್ರ ಸರ್ಕಾರ 2014ರ ನವಜಾತ ಶಿಶು ಕ್ರಿಯಾ ಯೋಜನೆಯಲ್ಲಿ ಪ್ರಕಟಿಸಿತು.

ಯಾದಗಿರಿ, ಶಹಾಪುರ, ಸುರಪುರ ಭಾಗಕ್ಕೆ ಈ ಗುರಿ ಸುಲಭದ್ದಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83ರಷ್ಟಿದ್ದು, ರಾಜ್ಯದಲ್ಲೇ ಅತ್ಯಂತ ಕಡಿಮೆಯಾಗಿತ್ತು. ಎಳೆಯ ವಯಸ್ಸಿನ ಮದುವೆ, ರಕ್ತಹೀನತೆ, ಕೂಲಿ ಅರಸಿ ಬೆಂಗಳೂರಿಗೆ ಹೊರಡುವ ಗುಳೆ ಇಲ್ಲಿನ ಗರ್ಭಿಣಿಯರ ಕಷ್ಟವನ್ನು ಹೆಚ್ಚಿಸುತ್ತವೆ. ಗುಳೆ ಹೋಗುವಾಗ ತಾಯಿ ಕಾರ್ಡ್ ಜೊತೆಯಲ್ಲಿದ್ದರೆ ಹೊಸ ಊರಿನ ಆಸ್ಪತ್ರೆಗೂ ಹಿಂದಿನ ತಪಾಸಣೆಯ ವಿವರ ಸಿಗುತ್ತದೆ. ಮಿಸುಕಾಟ ಕಡಿಮೆಯಾಗುವುದು, ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು ಕಂಡುಬಂದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಮುಖ ನೋಡಬೇಕೆ?

ಕೂಸನ್ನು ನೋಡಿದರೆ ತಾಯಿಯ ದುಃಖ ಹೆಚ್ಚುತ್ತದೆ ಎಂಬ ನಂಬಿಕೆ ಹಳೆಯದು. 2002ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು ಈ ಆತಂಕಕ್ಕೆ ಪುಷ್ಟಿ ನೀಡಿತ್ತು. ಆದರೆ ಸ್ವೀಡನ್ನಿನಲ್ಲಿ ನಡೆದ ಅಧ್ಯಯನಗಳಲ್ಲಿ, ತಮಗೆ ಬೇಕೆನಿಸಿದಷ್ಟು ಹೊತ್ತು ಮಗುವಿನೊಂದಿಗೆ ಇದ್ದ ತಾಯಂದಿರಿಗೆ ಅನುಕೂಲವಾದದ್ದು ಕಂಡುಬಂತು. ಒಟ್ಟಾರೆ ಇಂದಿನ ತಿಳಿವಳಿಕೆ ಇಷ್ಟು: ನೋಡಲೇಬೇಕೆಂದು ಒತ್ತಾಯ ಸಲ್ಲದು, ನೋಡಬಾರದೆಂಬ ತಡೆಯೂ ಸಲ್ಲದು. ತಾಯಿಯನ್ನು ಕೇಳಬೇಕು, ಉತ್ತರಿಸಲು ಆಕೆಗೆ ಸಮಯ ಕೊಡಬೇಕು. ತಂದೆಯನ್ನೂ ಕೇಳಬೇಕು.

ಸಂಪ್ರದಾಯಗಳೂ ಈ ಸಾವನ್ನು ಕಡೆಗಣಿಸಿಲ್ಲ. ಗರ್ಭಸ್ರಾವವಾದರೆ ಎಷ್ಟು ತಿಂಗಳ ಗರ್ಭವೋ ಅಷ್ಟು ರಾತ್ರಿಗಳ ಸೂತಕವನ್ನು ಮನುಸ್ಮೃತಿ ಹೇಳುತ್ತದೆ. ಲಿಂಗಾಯತರಲ್ಲಿ ಎಲ್ಲ ವಯಸ್ಸಿನವರನ್ನೂ ಹೂಳುವುದು ರೂಢಿ. ಸುಡುವ ಪದ್ಧತಿಯುಳ್ಳ ಸಮುದಾಯಗಳೂ ಎಳೆಗೂಸುಗಳನ್ನು ಸಾಮಾನ್ಯವಾಗಿ ಮಣ್ಣಿಗೇ ಒಪ್ಪಿಸುತ್ತವೆ. ಮುಸ್ಲಿಮರಲ್ಲಿ ನಾಲ್ಕು ತಿಂಗಳು ತುಂಬಿದ ಭ್ರೂಣವನ್ನು ಬಟ್ಟೆಯಲ್ಲಿ ಸುತ್ತಿ ದಫನ ಮಾಡಲಾಗುತ್ತದೆ. ಜನಾಜಾ ನಮಾಜಿನ ವಿಷಯದಲ್ಲಿ ಮಾತ್ರ ಪಂಥಗಳ ನಡುವೆ ಭಿನ್ನಾಭಿಪ್ರಾಯವಿದೆ.

ಇಲ್ಲಿ ಒಂದು ಎಚ್ಚರ ಅಗತ್ಯ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಬದುಕುಳಿಯುವ ಹಂತ ತಲುಪದ ಭ್ರೂಣ ಹಳದಿ ಚೀಲದ ವರ್ಗಕ್ಕೆ ಸೇರುತ್ತದೆ. ತಾವೇ ಸಂಸ್ಕಾರ ಮಾಡಬಯಸುವ ಕುಟುಂಬದವರು ಮೊದಲೇ ವೈದ್ಯರಿಗೆ ತಿಳಿಸುವುದು ಒಳಿತು.

ದಾಖಲೆ ಮತ್ತು ರಜೆ

1969ರ ಜನನ ಮರಣ ನೋಂದಣಿ ಕಾಯ್ದೆಯಡಿ ನಿರ್ಜೀವ ಜನನವನ್ನೂ 21 ದಿನಗಳೊಳಗೆ ವರದಿ ಮಾಡಬೇಕು. ಇದಕ್ಕೆ ಪ್ರತ್ಯೇಕ ನಮೂನೆಯಿದೆ. ಆಸ್ಪತ್ರೆಯಲ್ಲಾದರೆ ಅಲ್ಲಿನ ವೈದ್ಯಾಧಿಕಾರಿ, ಮನೆಯಲ್ಲಾದರೆ ಮನೆಯ ಯಜಮಾನ ಇದಕ್ಕೆ ಹೊಣೆ. ಹುಟ್ಟಿ ಒಂದೇ ಉಸಿರಾಡಿ ತೀರಿಕೊಂಡ ಮಗುವಾದರೆ ಜನನ, ಮರಣ ಎರಡನ್ನೂ ನೋಂದಾಯಿಸಬೇಕು.

ಗರ್ಭಪಾತವಾದ ಉದ್ಯೋಗಸ್ಥ ಮಹಿಳೆಗೆ ಆರು ವಾರಗಳ ವೇತನಸಹಿತ ರಜೆಗೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ಅವಕಾಶ ಕಲ್ಪಿಸಿತ್ತು. ಮಗು ಎಂಬ ಪದದಲ್ಲಿ ಸತ್ತು ಹುಟ್ಟಿದ ಮಗುವನ್ನೂ ಆ ಕಾಯ್ದೆ ಸೇರಿಸಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶಗಳು ಮುಂದುವರಿದಿವೆ. ಆದರೆ ಹೊಲದಲ್ಲಿ ದಿನಗೂಲಿ ಮಾಡುವವಳಿಗೆ ಈ ರಜೆ ಕನಸೇ ಸರಿ. ಆಕೆ ಕೆಲವೇ ದಿನಗಳಲ್ಲಿ ಮತ್ತೆ ಕೆಲಸಕ್ಕಿಳಿಯುತ್ತಾಳೆ.

ಮಗುವಿಲ್ಲದ ಬಾಣಂತಿ

ಮಗು ಇಲ್ಲದಿದ್ದರೂ ಆಕೆ ಬಾಣಂತಿಯೇ. ಕೆಲವು ದಿನಗಳಲ್ಲಿ ಎದೆಹಾಲು ಇಳಿಯುತ್ತದೆ. ಇದನ್ನು ಮೊದಲೇ ಹೇಳಿರದಿದ್ದರೆ ಆ ಗಳಿಗೆ ಆಕೆಗೆ ಅತ್ಯಂತ ಕಠಿಣವಾಗುತ್ತದೆ. ಬಿಗುವು ಕಡಿಮೆ ಮಾಡಲು ತಣ್ಣನೆಯ ಬಟ್ಟೆ ಇಡಬಹುದು; ಹಾಲು ನಿಲ್ಲಿಸುವ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ರಕ್ತದ ಗುಂಪು ನೆಗೆಟಿವ್ ಇದ್ದವರು 72 ಗಂಟೆಗಳೊಳಗೆ ಆ್ಯಂಟಿ-ಡಿ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು. ಜ್ವರ, ಅತಿ ರಕ್ತಸ್ರಾವ, ದುರ್ವಾಸನೆಯ ಸ್ರಾವ ಇದ್ದರೆ ತಡಮಾಡುವಂತಿಲ್ಲ. ವಾರಗಳು ಕಳೆದರೂ ನಿದ್ರೆ, ಊಟ ಸೇರದೆ ಬದುಕೇ ಬೇಡವೆನಿಸಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಕಾಲುಗುಣ, ದೃಷ್ಟಿ, ಗ್ರಹಣವೆಂದು ಕಾರಣ ಹುಡುಕುತ್ತ ತಾಯಿಯನ್ನು ದೂರುವುದು ತಪ್ಪು. ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಸೋಂಕು, ಮಾಸು ಕಳಚುವುದು, ಮಗುವಿನ ಅಂಗರಚನೆಯ ದೋಷ ಮುಖ್ಯ ಕಾರಣಗಳು. ಎಷ್ಟೋ ಸಲ ತಪಾಸಣೆಯ ನಂತರವೂ ಕಾರಣ ತಿಳಿಯದು.

ಮುಂದಿನ ಬಸಿರಿನಲ್ಲಿ 'ಇದು ಎಷ್ಟನೆಯದು?' ಎಂದು ದಾದಿ ಕೇಳುತ್ತಾಳೆ. ಸಂಕೋಚದಿಂದಲೋ ಅತ್ತೆಯ ಅಂಜಿಕೆಯಿಂದಲೋ ಹಲವರು ಹಿಂದಿನದನ್ನು ಮರೆಮಾಚುತ್ತಾರೆ. ಹಾಗೆ ಮಾಡಬಾರದು. ಆ ಒಂದು ಮಾತಿನ ಮೇಲೆ ಮುಂದಿನ ತಪಾಸಣೆ, ಹೆರಿಗೆಯ ಸ್ಥಳ, ಬರಲಿರುವ ಮಗುವಿನ ಜೀವ ನಿಂತಿರುತ್ತವೆ. ಅಗಲಿದ ಕೂಸನ್ನು ಮನೆಯವರು ಲೆಕ್ಕಕ್ಕೆ ಹಿಡಿದರೆ ಆಸ್ಪತ್ರೆಯಲ್ಲೂ ಆಕೆ ಅದನ್ನು ಅಳುಕಿಲ್ಲದೆ ಹೇಳಬಲ್ಲಳು.