ಹೊಸ್ತಿಲಾಚೆಯ ಬಾಲ್ಯ

ಪ್ರಶ್ನೆ: ಬಾಲ್ಯದ ಕಷ್ಟಗಳನ್ನು ಅಳೆಯುವ ಪ್ರಶ್ನಾವಳಿ ಆಗಲೇ ಇದೆಯಂತಲ್ಲ, ಊರೂರಿಗೆ ಬೇರೆ ಸಮೀಕ್ಷೆ ಯಾಕೆ?

ಉತ್ತರ: ಆ ಪ್ರಶ್ನಾವಳಿಗೆ ಹೆಸರು ಬಂದಿದ್ದು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆದ ಅಧ್ಯಯನದಿಂದ. ಫೆಲಿಟ್ಟಿ, ಆಂಡಾ ಮತ್ತಿತರರು 1998ರಲ್ಲಿ ಅದನ್ನು ಪ್ರಕಟಿಸಿದರು. ಉತ್ತರಿಸಿದವರಲ್ಲಿ ಹೆಚ್ಚಿನವರು ಆರೋಗ್ಯವಿಮೆಯಿದ್ದ ಬಿಳಿಯರು. ಕೇಳಿದ್ದು ಮನೆಯೊಳಗಿನ ಹೊಡೆತ, ಕುಡಿತ, ದೌರ್ಜನ್ಯದ ಬಗ್ಗೆ. ಹೊಸ್ತಿಲು ದಾಟಿದರೆ ಏನು ಕಾದಿತ್ತು ಎಂಬುದು ಅದರಲ್ಲಿ ಇರಲಿಲ್ಲ.

2012–13ರಲ್ಲಿ ಅಮೆರಿಕದ್ದೇ ಫಿಲಡೆಲ್ಫಿಯಾ ನಗರದ ಸಮೀಕ್ಷೆಯವರು ಅದನ್ನೂ ಕೇಳಿದರು. ಚಿಕ್ಕಂದಿನಲ್ಲಿ ಯಾರಿಗಾದರೂ ಹೊಡೆದದ್ದು, ಇರಿದದ್ದು, ಗುಂಡು ಹಾರಿಸಿದ್ದು ಕಂಡಿದ್ದಿರಾ, ಕೇಳಿಸಿಕೊಂಡಿದ್ದಿರಾ? ಜನಾಂಗದ ಕಾರಣಕ್ಕೆ ನಿಮ್ಮನ್ನು ಕೀಳಾಗಿ ನಡೆಸಿಕೊಂಡರಾ? ನಿಮ್ಮ ಕೇರಿ ಸುರಕ್ಷಿತ ಅನಿಸುತ್ತಿತ್ತಾ? ಉತ್ತರಿಸಿದ 1,784 ವಯಸ್ಕರಲ್ಲಿ ಸುಮಾರು ಶೇ. 40 ಮಂದಿ ಅಂಥ ಹಿಂಸೆ ಕಂಡವರು ಇಲ್ಲವೇ ಕೇಳಿಸಿಕೊಂಡವರು. ಸುಮಾರು ಶೇ. 14 ಮಂದಿಯ ಕಷ್ಟವಂತೂ ಹಳೆಯ ಪಟ್ಟಿಯಲ್ಲಿ ಇರಲೇ ಇಲ್ಲ. ಅದರ ಲೆಕ್ಕದಲ್ಲಿ ಅವರದು ಸುಖದ ಬಾಲ್ಯ!

ಕಷ್ಟವನ್ನಷ್ಟೇ ಎಣಿಸಿದರೂ ಸಾಲದು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಮಕ್ಕಳನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ದಶಕಗಟ್ಟಲೆ ಗಮನಿಸಿದರು. ತೀರಾ ಸಂಕಷ್ಟದಲ್ಲಿ ಬೆಳೆದವರಲ್ಲೂ ಮೂರನೇ ಒಂದರಷ್ಟು ಮಂದಿ ಚೆನ್ನಾಗಿಯೇ ಬಾಳಿದರು. ಹಲವರಿಗೆ ಅಜ್ಜಿಯೋ ಟೀಚರೋ ಆಸರೆಯಾಗಿದ್ದರು. ಆ ಆಸರೆ ಯಾವ ಕೇರಿಯಲ್ಲಿ ಉಂಟು, ಎಲ್ಲಿಲ್ಲ ಎಂಬುದನ್ನೂ ಸಮೀಕ್ಷೆ ಕೇಳಬೇಕು.

ಆದರೆ ಇಂಥ ಪ್ರಶ್ನಾವಳಿಯಲ್ಲಿ ಕಷ್ಟಗಳನ್ನು ಎಣಿಸಿ ಕೊಡುವ ಅಂಕವನ್ನು ಒಂದು ಮಗುವಿನ ಭವಿಷ್ಯ ಹೇಳಲು ಬಳಸಬಾರದು. ಆಂಡಾ ಅವರೇ 2020ರಲ್ಲಿ ಹಾಗೆಂದು ಎಚ್ಚರಿಸಿದ್ದಾರೆ.